ನಮ್ಮ ತೋಡಿನ ಕಿಲ್ಲಿ ಮೀನೂ ಮನೆಯ ಗಾಜಿನ ತೊಟ್ಟಿಯೂ

(ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರರು, ಎಲ್.ಎಜಿ.)

ಕಳೆದ ಬೇಸಗೆಯಲ್ಲಿ ಕಂಗಿನ ತೋಟವೊಂದನ್ನು ನೋಡುವ ಸಲುವಾಗಿ ಕಾರ್ಕಳ ತಾಲೂಕಿನ ಒಂದು ಗ್ರಾಮಕ್ಕೆ ಹೋಗಿದ್ದೆನು. ತೋಟದ ಯಜಮಾನರು ವಯೋವೃದ್ಧರು, ಊರಿನಲ್ಲಿ ನಾಲ್ಕು ಜನರು ಮಾತು ಕೇಳತಕ್ಕವರು. ಅವರು ತೋಟಕ್ಕೆ ಹೋಗುವುದಕ್ಕೆ ಮೊದಲು ನನ್ನನ್ನು ಚಾವಡಿಗೆ ಕರೆದು, ಕಿಟಕಿಯ ಬಳಿಯಲ್ಲಿಟ್ಟಿದ್ದ ಒಂದು ಗಾಜಿನ ತೊಟ್ಟಿಯನ್ನು ತೋರಿಸಿದರು. ಮಣಿಪಾಲದಲ್ಲಿ ಓದುತ್ತಿರುವ ಅವರ ಮೊಮ್ಮಗನು ಪಶ್ಚಿಮ ಆಫ್ರಿಕದ ಕಿಲ್ಲಿ ಮೀನುಗಳೆಂಬ ಪುಟ್ಟ ಮೀನುಗಳನ್ನು ಬೆಂಗಳೂರಿನಿಂದ ತರಿಸಿ, ತೊಟ್ಟಿಯಲ್ಲಿ ನೀರುಗಿಡಗಳನ್ನು ನೆಟ್ಟು ಸಾಕಲು ತೊಡಗಿದ್ದನಂತೆ. ಆರು ಮೀನುಗಳಲ್ಲಿ ಒಂದು ರಾತ್ರಿಯಲ್ಲಿ ಹಾರಿ ನೆಲಕ್ಕೆ ಬಿದ್ದು ಸತ್ತಿತು. ಮೂರು ಏಪ್ರಿಲ್ ತಿಂಗಳ ಸೆಕೆಯಲ್ಲಿ ಒಂದಾದ ಮೇಲೊಂದು ಹೋದವು. ಎರಡು ಮಾತ್ರ ಗಿಡಗಳ ನೆರಳಿನಲ್ಲಿ ಸೊರಗಿ ನಿಂತಿದ್ದವು.

"ಇನ್ಸ್‌ಪೆಕ್ಟರೇ, ಕಂಗಿನ ಕೊಳೆರೋಗಕ್ಕೆ ತಾವು ಮದ್ದು ಹೇಳುತ್ತೀರಿ. ಇವಕ್ಕೆ ಏನು ಮದ್ದು? ಹುಡುಗನು ಪರೀಕ್ಷೆಗೆಂದು ಹೋಗಿದ್ದಾನೆ. ಪಾಪ, ಈ ಎರಡನ್ನಾದರೂ ಕೆರೆಗೆ ಬಿಟ್ಟು ಬಿಡೋಣವೇ? ಬದುಕಿಕೊಳ್ಳಲಿ" ಎಂದು ಯಜಮಾನರು ಕೇಳಿದರು.

"ದಯವಿಟ್ಟು ಹಾಗೆ ಮಾಡಬೇಡಿರಿ, ಯಜಮಾನರೇ" ಎಂದು ನಾನು ತಡೆದೆನು. ಬಳಿಕ ತೋಟದ ತಲೆಯಲ್ಲಿದ್ದ ಹಳೆಯ ನೀರಾವರಿ ಬಾವಿಯ ಬಳಿಗೆ ಅವರನ್ನು ಕರೆದೊಯ್ದು, ಕೆಲಸದವನಿಂದ ಒಂದು ಕೊಡಪಾನ ನೀರನ್ನು ಮೇಲಿನಿಂದಲೇ ಮೆಲ್ಲನೆ ಮೊಗೆಯಿಸಿದೆನು. ಕೊಡಪಾನದಲ್ಲಿ ಎರಡು ಮೀನುಗಳಿದ್ದವು. ಮೇಲಿನಿಂದ ನೋಡುವಾಗ ಕಪ್ಪಾದ ಬೆನ್ನು, ನೆತ್ತಿಯ ಮೇಲೆ ಒಂದು ಬೆಳ್ಳಿಯ ಬೊಟ್ಟು. ಅವನ್ನು ಒಂದು ಗಾಜಿನ ಭರಣಿಗೆ ಹಾಕಿ ಬಿಸಿಲಿಗೆ ಹಿಡಿದಾಗ, ಪಕ್ಕೆಯ ಹುರುಪೆಗಳು ಸಾಲುಸಾಲಾಗಿ ಹೊನ್ನಿನಂತೆ ಹೊಳೆದವು. ಯಜಮಾನರು ಭರಣಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಎಪ್ಪತ್ತು ವರ್ಷದಿಂದ ಈ ಬಾವಿಯ ನೀರು ಕುಡಿದಿದ್ದೇನೆ, ಇದನ್ನು ಹೀಗೆ ನೋಡಿದ್ದಿಲ್ಲ" ಎಂದರು.

ಇದೂ ಕಿಲ್ಲಿ ಮೀನೇ. ಆಫ್ರಿಕದಿಂದ ಬಂದ ಆ ಮೀನುಗಳಿಗೆ ದೂರದ ದಾಯಾದಿ. ಇದನ್ನು ಸಾಕುವ ಕ್ರಮವನ್ನೂ, ಪರದೇಶದ ಮೀನನ್ನು ಕೆರೆಗೆ ಬಿಡಕೂಡದೆಂದು ನಾನು ತಡೆದುದಕ್ಕೆ ಕಾರಣವನ್ನೂ ಈ ಲೇಖನದಲ್ಲಿ ನಿವೇದಿಸಿಕೊಳ್ಳುವೆನು. ಬಾವಿ, ಕೆರೆ, ಮದಗ, ತೋಡುಗಳ ವಿಷಯದಲ್ಲಿ ಗ್ರಾಮದ ಮುಖಂಡರೂ ಭೂಮಾಲಿಕರೂ ಆಡಿದ ಮಾತು ನಡೆಯುವುದಾದುದರಿಂದ, ಇದನ್ನು ಅವರ ಮುಂದೆಯೇ ಇಡುವುದು ಯುಕ್ತವೆಂದು ತೋರಿತು.

ಮೀನಿನ ಗುರುತೂ ಕುಲವೂ

'ಕಿಲ್ಲಿ' ಎಂಬುದಕ್ಕೂ ಕೊಲ್ಲುವುದೆಂಬ ಅರ್ಥದ ಇಂಗ್ಲಿಷ್ ಶಬ್ದಕ್ಕೂ ಸಂಬಂಧವಿಲ್ಲ. ಸಣ್ಣ ತೋಡಿಗೆ ಡಚ್ಚರ ಭಾಷೆಯಲ್ಲಿ 'ಕಿಲ್' ಎಂದು ಹೆಸರು. ಅದರಿಂದ ಈ ಮಾತು ಹುಟ್ಟಿತೆಂದು ಹೇಳುವರು. ಆದುದರಿಂದ ಕಿಲ್ಲಿ ಮೀನೆಂದರೆ ತೋಡುಮೀನೆಂದೇ ಅರ್ಥಮಾಡಬಹುದು. ನಮ್ಮಲ್ಲಿರುವ ಜಾತಿಗೆ ಶಾಸ್ತ್ರಜ್ಞರು ಅಪ್ಲೊಕೈಲಸ್ ಲಿನಿಯೇಟಸ್ ಎಂದು ಹೆಸರಿಟ್ಟಿರುವರು. 1846ರಲ್ಲಿ ಫ್ರಾನ್ಸಿನ ಪಂಡಿತರಾದ ವ್ಯಾಲೆನ್ಸಿಯೆನ್ನರು ಮುಂಬಯಿಯಿಂದ ಬಂದ ಮಾದರಿಗಳನ್ನು ಪರೀಕ್ಷಿಸಿ ಇದನ್ನು ಮೊದಲು ವರ್ಣಿಸಿದರು. ಕಾಸರಗೋಡಿನ ಮಲಯಾಳಿಗಳಲ್ಲಿ ಇದಕ್ಕೆ 'ಮಾನತ್ತುಕಣ್ಣಿ', ಅಂದರೆ ಆಕಾಶದತ್ತ ಕಣ್ಣುಳ್ಳದ್ದು, ಎಂಬ ಅಂದವಾದ ಹೆಸರುಂಟು. ನೆತ್ತಿಯ ಗುರುತನ್ನು ನೋಡಿ ಈ ಲೇಖನದಲ್ಲಿ ನಾನು ಇದನ್ನು ಬೆಳ್ಳಿಬೊಟ್ಟಿನ ಮೀನೆಂದು ಕರೆಯುವೆನು.

ಇದು ಮೂರು ಅಂಗುಲದಷ್ಟು ಬೆಳೆಯುವುದು. ಅಪೂರ್ವವಾಗಿ ನಾಲ್ಕು ಅಂಗುಲದ ಮೀನುಗಳೂ ಇರುವುವು. ಬಾಯಿ ಮೇಲ್ಮುಖವಾಗಿರುವುದು, ತಲೆ ಚಪ್ಪಟೆಯಾಗಿರುವುದು, ಬೆನ್ನಿನ ಈಜುರೆಕ್ಕೆ ಬಾಲದ ಸಮೀಪದಲ್ಲಿರುವುದು. ನೀರಿನ ಮೇಲ್ಮೈಯಲ್ಲಿಯೇ ಸಂಚರಿಸಿ ಅಲ್ಲಿಯೇ ಆಹಾರವನ್ನು ಹಿಡಿಯತಕ್ಕ ಪ್ರಾಣಿಗೆ ಇದೆಲ್ಲವೂ ತಕ್ಕುದಾಗಿದೆ. ಗಂಡಿನ ಮೈಯಲ್ಲಿ ಹೊನ್ನಿನ ಬಣ್ಣ ಹೆಚ್ಚು. ಹೆಣ್ಣಿನ ಮೈಯಲ್ಲಿ ಅಡ್ಡಗಟ್ಟಿನ ಕಪ್ಪು ಪಟ್ಟೆಗಳು ಹೆಚ್ಚು ಸ್ಪಷ್ಟವಾಗಿದ್ದು, ಬೆನ್ನಿನ ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಮಚ್ಚೆಯಿರುವುದು.

ಈ ಕುಲದ ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಸ್ವಲ್ಪ ಸಂಬಂಧವೂ ಉಂಟು. 1801ರಲ್ಲಿ ಕಾರ್ಕಳ, ಉಡುಪಿ, ಬಾರಕೂರು ಮಾರ್ಗವಾಗಿ ಸಂಚರಿಸಿ ನಮ್ಮ ಬೈಲು, ಮಜಲು, ಬೆಟ್ಟು ಗದ್ದೆಗಳ ವಿಷಯವನ್ನು ಬರೆದಿಟ್ಟ ಡಾಕ್ಟರ್ ಫ್ರಾನ್ಸಿಸ್ ಬುಕನನ್ನರ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಅದೇ ಬುಕನನ್ನರು 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಬೆಳ್ಳಿಬೊಟ್ಟಿನ ಮೀನಿನ ಸೋದರಜಾತಿಯೊಂದಕ್ಕೆ ಬಂಗಾಳದ ದೇಶೀಯ ಹೆಸರನ್ನೇ ಹಿಡಿದು 'ಪಂಚಾಕ್ಸ್' ಎಂದು ನಾಮಕರಣ ಮಾಡಿದರು. ಇಂದು ಯೂರೋಪು, ಅಮೆರಿಕಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ನಮ್ಮ ಬಾವಿಯ ಮೀನನ್ನು 'ಪಟ್ಟೆಯ ಪಂಚಾಕ್ಸ್' ಎಂದೇ ಕರೆದು, ಹಣ ಕೊಟ್ಟು ಕೊಳ್ಳುವರು. ನಾವಾದರೋ ಅದನ್ನು ಕೊಡಪಾನದಿಂದ ತೆಗೆದು ಮರಳಿ ಬಾವಿಗೆ ಎಸೆಯುವೆವು.

ಆಫ್ರಿಕದ ದಾಯಾದಿಗಳು

ಪಶ್ಚಿಮ ಆಫ್ರಿಕದ ಕಿಲ್ಲಿ ಮೀನುಗಳು ಬಹಳ ಸುಂದರವಾದವುಗಳೆಂಬುದರಲ್ಲಿ ಸಂದೇಹವಿಲ್ಲ. 1911ರಲ್ಲಿ ಬೌಲೆಂಜರ್ ಎಂಬ ಪಂಡಿತರು ವರ್ಣಿಸಿದ, ನೈಜೀರಿಯ ಮತ್ತು ಕ್ಯಾಮರೂನ್ ದೇಶಗಳ 'ಗಾರ್ಡ್ನರಿ' ಎಂಬ ಮೀನು ನೀಲಿ ಹಸುರು ಮೈಯಲ್ಲಿ ಕೆಂಪು ಚುಕ್ಕೆಗಳನ್ನು ಚೆಲ್ಲಿದಂತಿರುವುದು. ಯಜಮಾನರ ಮೊಮ್ಮಗನು ತರಿಸಿದುದು ಇದನ್ನೇ. ಗಿನಿ, ಸಿಯೆರಾ ಲಿಯೋನ್, ಲೈಬೀರಿಯಗಳ 'ಆನ್ಯುಲೇಟಸ್' ಎಂಬುದು ಒಂದೂವರೆ ಅಂಗುಲವೂ ಇಲ್ಲದ ಮೀನು; ಅದರ ಮೈಯಲ್ಲಿ ಕಪ್ಪು ಬಿಳಿ ಪಟ್ಟೆಗಳೂ ಬಾಲದಲ್ಲಿ ದೀಪದ ಕುಡಿಯಂತಹ ಬಣ್ಣವೂ ಇರುವುವು. ಇಂಡಿಯ, ಮಡಗಾಸ್ಕರ್, ಆಫ್ರಿಕಗಳು ಪುರಾತನ ಕಾಲದಲ್ಲಿ ಒಂದೇ ಭೂಖಂಡವಾಗಿದ್ದುವು. ಈ ಮೂರು ಕಡೆಗಳಲ್ಲಿಯೂ ಈ ವರ್ಗದ ಮೀನುಗಳಿರುವುದಕ್ಕೆ ಅದೇ ಕಾರಣವೆಂದು ಪಂಡಿತರಲ್ಲಿ ಹಲವರ ಅಭಿಪ್ರಾಯ.

ಆದರೆ ಈ ಆಫ್ರಿಕದ ಮೀನುಗಳಲ್ಲಿ ಹೆಚ್ಚಿನವು ಕಾಡಿನ ನೆರಳಿನಲ್ಲಿ ಹರಿಯುವ ತಂಪಾದ ಸಣ್ಣ ತೋಡುಗಳಲ್ಲಿ ಬಾಳತಕ್ಕವು. ಅವಕ್ಕೆ 22ರಿಂದ 25 ಡಿಗ್ರಿ ಸೆಂಟಿಗ್ರೇಡಿನ ನೀರು ಹಿತಕರ. ಉಡುಪಿ, ಕಾಪುಗಳಲ್ಲಿ ಮಾರ್ಚ್ ತಿಂಗಳಿನಿಂದ ಮಳೆ ಹಿಡಿಯುವ ವರೆಗೆ ಮನೆಯೊಳಗಿನ ತೊಟ್ಟಿಯ ನೀರೂ 30 ಡಿಗ್ರಿಯನ್ನು ಮೀರುವುದು. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಪ್ರಾಣವಾಯು ಕಡಮೆಯಾಗುವುದು. ಮೀನಿಗಾದರೋ ಅದೇ ಹೊತ್ತಿನಲ್ಲಿ ಹೆಚ್ಚು ಬೇಕಾಗುವುದು. ಕಾರ್ಕಳದ ಮೀನುಗಳು ಸತ್ತುದಕ್ಕೆ ಇದೇ ಕಾರಣ. ಬೆಳ್ಳಿಬೊಟ್ಟಿನ ಮೀನಾದರೋ ನಮ್ಮ ಸೆಕೆಯಲ್ಲಿಯೇ ಹುಟ್ಟಿ ಬೆಳೆದುದು. ಮೇಲ್ಮೈಯಲ್ಲಿಯೇ ಇರುವುದರಿಂದ ಗಾಳಿಯೊಡನೆ ಬೆರೆತ ತೆಳುವಾದ ನೀರಿನ ಪದರವು ಅದಕ್ಕೆ ಸದಾ ದೊರೆಯುವುದು. ಊರಿನ ತಳಿಯ ಭತ್ತವು ಊರಿನ ಬೈಲಿಗೆ ಒಗ್ಗುವಂತೆ ಇದೂ ನಮ್ಮ ನೀರಿಗೆ ಒಗ್ಗಿರುವುದು.

ತೊಟ್ಟಿಯನ್ನು ಅಣಿಗೊಳಿಸುವ ಕ್ರಮ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಸಾಕು. ಇದರಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುವುದು. ಮಣ್ಣು, ಮರಳು, ಗಾಜುಗಳ ಭಾರವೂ ಸೇರುವುದರಿಂದ ಗಟ್ಟಿಯಾದ ಮರದ ಮಣೆ ಅಥವಾ ಕಲ್ಲಿನ ಕಟ್ಟೆಯ ಮೇಲೆ ಇಡತಕ್ಕದ್ದು. ಪೂರ್ವದ ಕಿಟಕಿಯ ಬೆಳಗಿನ ಬೆಳಕು ಬೀಳಬೇಕು; ಮಧ್ಯಾಹ್ನದ ಬಿಸಿಲು ಬೀಳಕೂಡದು.

ಅಡಿಯಲ್ಲಿ ಜರಡಿ ಹಿಡಿದ ಬೈಲುಗದ್ದೆಯ ಮಣ್ಣನ್ನು ಒಂದು ಅಂಗುಲದಷ್ಟು ಹರಡಿ, ಅದರ ಮೇಲೆ ಚೆನ್ನಾಗಿ ತೊಳೆದ ಹೊಳೆಯ ಮರಳನ್ನು ಒಂದೂವರೆ ಅಂಗುಲ ಹಾಕಬೇಕು. ಗದ್ದೆಗೆ ಈಚೆಗೆ ಗೊಬ್ಬರವನ್ನಾಗಲಿ ಔಷಧವನ್ನಾಗಲಿ ಹಾಕಿದ್ದರೆ ಆ ಮಣ್ಣು ಬೇಡ. ಕಡಲ ಚಿಪ್ಪು, ಸುಣ್ಣಕಲ್ಲುಗಳನ್ನು ಅಲಂಕಾರಕ್ಕೆಂದು ಹಾಕುವುದೂ ತಪ್ಪು. ನಮ್ಮ ಮುರಕಲ್ಲಿನ ನೆಲದ ಬಾವಿಗಳ ನೀರು ಮೃದುವಾಗಿಯೂ ತುಸು ಹುಳಿಯ ಗುಣವುಳ್ಳದ್ದಾಗಿಯೂ ಇರುವುದು. ಅದೇ ಈ ಮೀನಿಗೆ ಹಿತ.

ಗಿಡಗಳನ್ನು ಪೇಟೆಯಿಂದ ತರಿಸಬೇಕಾದುದಿಲ್ಲ. ನಮ್ಮ ತೋಡುಗಳಲ್ಲಿಯೂ ಮದಗಗಳಲ್ಲಿಯೂ ಬೆಳೆಯುವ ಹೈಡ್ರಿಲ್ಲ, ನಾಡಹುಲ್ಲಿನಂತೆ ಉದ್ದವಾದ ಎಲೆಯ ವ್ಯಾಲಿಸ್ನೇರಿಯ, ಗದ್ದೆಯ ಬದಿಯ ಕ್ರಿಪ್ಟೋಕೊರೈನ್, ನೀರುಬ್ರಾಹ್ಮಿ ಇವು ಸಾಕು. ಮೇಲೆ ತೇಲುವುದಕ್ಕೆ ಅಂತರಗಂಗೆಯ ಒಂದೆರಡು ಸಸಿಗಳಿದ್ದರೆ ಅವುಗಳ ಬೇರಿನ ಜಡೆಯಲ್ಲಿ ಮೀನು ಮೊಟ್ಟೆಯಿಡುವುದು. ಅಂತರಗಂಗೆಯು ಮಿತಿಮೀರಿ ಬೆಳೆದರೆ ಹೆಚ್ಚಾದುದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕತಕ್ಕದ್ದು, ಕೆರೆಗೆ ಎಸೆಯಕೂಡದು. ತಂದ ಗಿಡಗಳನ್ನು ಒಂದು ವಾರ ಬೇರೆ ಪಾತ್ರೆಯಲ್ಲಿಟ್ಟು, ಜಿಗಣೆ, ಹುಳು ಹುಪ್ಪಟೆಗಳನ್ನು ಆರಿಸಿ ತೆಗೆಯಬೇಕು. ಒಣಗಿದ ಬಾದಾಮಿ ಮರದ ಎಲೆ ಒಂದನ್ನು ತೊಟ್ಟಿಯಲ್ಲಿ ಹಾಕಿದರೆ ನೀರು ಚಹದ ತಿಳಿಯಂತೆ ಬಣ್ಣಗೊಂಡು, ಮೀನು ಅಂಜಿಕೆಯಿಲ್ಲದೆ ಸಂಚರಿಸುವುದು.

ಗಿಡ ನೆಟ್ಟ ದಿನವೇ ಮೀನನ್ನು ಬಿಡುವುದು ಹೊಸಬರು ಮಾಡುವ ಮೊದಲ ತಪ್ಪು. ಮೀನಿನ ಮಲಮೂತ್ರಗಳಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುವುದು. ಇದು ಮೀನಿಗೆ ವಿಷ. ಮರಳಿನಲ್ಲಿ ನೆಲೆಗೊಳ್ಳುವ ಸೂಕ್ಷ್ಮಾಣುಗಳು ಇದನ್ನು ಮೊದಲು ನೈಟ್ರೈಟನ್ನಾಗಿಯೂ ಬಳಿಕ ಅಷ್ಟೊಂದು ಕೇಡಿಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಗಿಡಗಳು ಇವನ್ನು ಗೊಬ್ಬರವಾಗಿ ಹೀರುವುವು. ನೀರು ನಿಂತ ಗದ್ದೆಯಲ್ಲಿ ಭತ್ತದ ಬೇರು ಅಮೋನಿಯದ ರೂಪದ ಸಾರಜನಕವನ್ನೇ ಹೆಚ್ಚಾಗಿ ಹೀರುವುದೆಂಬುದು ವ್ಯವಸಾಯಗಾರರಿಗೆ ತಿಳಿದೇ ಇದೆ. ತೊಟ್ಟಿಯೂ ಅಂತಹದೇ ಒಂದು ಚಿಕ್ಕ ಗದ್ದೆ. ಗಿಡಗಳು ಬೇರೂರಿ ಹೊಸ ಚಿಗುರು ಬರುವುದಕ್ಕೆ ಮೂರು ವಾರಗಳಾದರೂ ಬೇಕು. ಆ ಬಳಿಕ ಒಂದು ಗಂಡು, ಎರಡು ಅಥವಾ ಮೂರು ಹೆಣ್ಣು ಮೀನುಗಳನ್ನು ಬಿಡಬೇಕು. ಎರಡು ಗಂಡುಗಳನ್ನು ಒಟ್ಟಿಗೆ ಇಟ್ಟರೆ ಜಗಳವಾಡುವುವು. ತನ್ನ ಬಾಯಿಗೆ ಹಿಡಿಯುವಷ್ಟು ಸಣ್ಣ ಮೀನನ್ನು ಇದು ನುಂಗುವುದಾದುದರಿಂದ ಚಿಕ್ಕ ಮೀನುಗಳನ್ನು ಜೊತೆಗಿಡಕೂಡದು.

ನಳ್ಳಿಯ ನೀರಾದರೆ ಅದರಲ್ಲಿ ಕ್ಲೋರಿನ್ ಇರುವುದು. ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟ ಮೇಲೆಯೇ ಉಪಯೋಗಿಸಬೇಕು. ಬಾವಿಯ ನೀರನ್ನೂ ಒಂದು ದಿನ ಹಾಗೆಯೇ ಗಾಳಿಗಿಡುವುದು ಒಳ್ಳೆಯದು. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರನ್ನು ತೆಗೆದು ಹೊಸ ನೀರನ್ನು ಹಾಕಬೇಕು. ತೆಗೆದ ನೀರು ಚೆಲ್ಲತಕ್ಕದ್ದಲ್ಲ. ಕಾಪು ತಾಲೂಕಿನ ಶಂಕರಪುರದ ಕಡೆಯಲ್ಲಿ ಅಂಗಳದ ಮಲ್ಲಿಗೆಗೂ, ಮಟ್ಟಿಯಲ್ಲಿ ಗುಳ್ಳದ ಸಸಿಗೂ ಅದು ಸೊಗಸಾದ ಗೊಬ್ಬರದ ನೀರು.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಮುಚ್ಚಳ. ಹಾರುವ ನೊಣವನ್ನು ನೀರಿನಿಂದ ನೆಗೆದು ಹಿಡಿಯತಕ್ಕ ಮೀನಿಗೆ ಬೆರಳಗಲದ ಸಂದಿಯೂ ಹೆಬ್ಬಾಗಿಲೇ. ಮರದ ಚೌಕಟ್ಟಿಗೆ ಸೊಳ್ಳೆಪರದೆಯ ಬಲೆಯನ್ನು ಬಿಗಿದು ಮುಚ್ಚಿ, ನೀರನ್ನು ಅಂಚಿನಿಂದ ಎರಡು ಅಂಗುಲ ಕೆಳಗೆ ನಿಲ್ಲಿಸಬೇಕು.

ಆಹಾರವೂ ಸಂತಾನವೂ

ಇರುವೆ, ಒರಲೆ, ಸಣ್ಣದಾಗಿ ಕೊಚ್ಚಿದ ಎರೆಹುಳು, ನಮ್ಮ ಕಡೆಯಲ್ಲಿ ನುಸಿಯೆನ್ನುವ ಸೊಳ್ಳೆಯ ಮರಿಹುಳುಗಳು ಇವೆಲ್ಲವೂ ಇದಕ್ಕೆ ಪ್ರಿಯ. ಮೀನಿಗೋಸ್ಕರ ಸೊಳ್ಳೆಯ ಹುಳುಗಳನ್ನು ಅಂಗಳದ ಪಾತ್ರೆಯಲ್ಲಿ ಬೆಳೆಸುವ ಕೆಲವರನ್ನು ನಾನು ಬಲ್ಲೆನು. ಇದು ಅಪಾಯದ ಕೆಲಸ. ಬೇಸಗೆಯಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗಿ ಹಾರುವುದು. ಚರಂಡಿಯಲ್ಲಿಯೂ ಹಳೆಯ ಪಾತ್ರೆಗಳಲ್ಲಿಯೂ ತಾನಾಗಿ ಆದ ಹುಳುಗಳನ್ನು ಬಲೆಯಿಂದ ತೆಗೆದು, ಶುದ್ಧನೀರಿನಲ್ಲಿ ತೊಳೆದು ಹಾಕಿ, ಆ ಪಾತ್ರೆಯನ್ನು ಬೋರಲು ಹಾಕುವುದೇ ಸರಿಯಾದ ಮಾರ್ಗ. ದಿನಕ್ಕೆ ಎರಡು ಬಾರಿ, ಐದು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡತಕ್ಕದ್ದು.

ಹೆಣ್ಣು ಮೀನು ದಿನಕ್ಕೆ ಕೆಲವೇ ಮೊಟ್ಟೆಗಳನ್ನು ಒಂದೊಂದಾಗಿ ಗಿಡದ ಎಲೆಗೂ ಬೇರಿಗೂ ಅಂಟಿಸುವುದು. ಹಸುರು ನೈಲಾನ್ ನೂಲಿನ ಒಂದು ಕುಚ್ಚನ್ನು ಬೆಂಡಿಗೆ ಕಟ್ಟಿ ತೇಲಿಬಿಟ್ಟರೆ ಅದರಲ್ಲಿಯೂ ಇಡುವುದು. ಮೊಟ್ಟೆಯು ಸಾಸಿವೆಯಷ್ಟು ದಪ್ಪ, ಸ್ಫಟಿಕದಂತೆ ತಿಳಿ, ಬೆರಳಿನಿಂದ ಹಿಡಿದರೂ ಒಡೆಯದಷ್ಟು ಗಟ್ಟಿ. ತಾಯಿತಂದೆಗಳು ಮರಿಯನ್ನು ತಿನ್ನುವುದರಿಂದ ಮೊಟ್ಟೆಗಳನ್ನು ಬೇರೊಂದು ಅಗಲವಾದ ಪಾತ್ರೆಗೆ ಸಾಗಿಸಬೇಕು. ಹನ್ನೆರಡರಿಂದ ಹದಿನಾಲ್ಕು ದಿನಗಳಲ್ಲಿ ಮರಿಗಳು ಹೊರಡುವುವು. ಆಗಲೇ ಅವುಗಳ ನೆತ್ತಿಯಲ್ಲಿ ಸೂಜಿಮೊನೆಯಷ್ಟು ಬೆಳ್ಳಿಯ ಬೊಟ್ಟು ಹೊಳೆಯುವುದನ್ನು ಕಾಣಬಹುದು. ಮನೆಯ ಮಕ್ಕಳಿಗೆ ಇದನ್ನು ತೋರಿಸಿದರೆ ಅವರು ಮರೆಯಲಾರರು.

ಮೊದಲ ವಾರದ ಮರಿಗಳಿಗೆ ಕಣ್ಣಿಗೆ ಕಾಣದ ಜಂತುಗಳೇ ಆಹಾರ. ಒಣಗಿದ ಬಾಳೆಯೆಲೆಯ ಚೂರುಗಳನ್ನು ಮಡಕೆಯ ನೀರಿನಲ್ಲಿ ನೆನೆಹಾಕಿ ಬೆಳಕಿನಲ್ಲಿಟ್ಟರೆ ನಾಲ್ಕೈದು ದಿನಗಳಲ್ಲಿ ಅವು ಹುಟ್ಟುವುವು. ಆ ನೀರನ್ನು ಬಟ್ಟೆಯಲ್ಲಿ ಸೋಸಿ ದಿನಕ್ಕೆರಡು ಬಾರಿ ಒಂದೆರಡು ಚಮಚ ಹಾಕಬೇಕು. ಬಳಿಕ ಪೇಟೆಯಲ್ಲಿ ದೊರೆಯುವ ಆರ್ಟೀಮಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಒಡೆಯಿಸಿ ಆ ಮರಿಗಳನ್ನು ಕೊಡಬಹುದು. ಆಫ್ರಿಕದ ಗಾರ್ಡ್ನರಿ ಮುಂತಾದ ಕೆಲವು ಜಾತಿಗಳ ಮೊಟ್ಟೆಗಳು ತೇವವಾದ ಸೊಪ್ಪುಮಣ್ಣಿನಲ್ಲಿಯೂ ಹಲವು ವಾರ ಜೀವ ಹಿಡಿದಿರುವುವು. ಆದುದರಿಂದಲೇ ಅವನ್ನು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳುಹಿಸಲು ಸಾಧ್ಯವಾಗಿದೆ.

ನನ್ನ ಒಂದು ತಪ್ಪು

ಈಗ ಯಜಮಾನರ ಮಾತಿಗೆ ಬರುವೆನು. "ಕೆರೆಗೆ ಬಿಟ್ಟು ಬಿಡೋಣ" ಎಂಬುದು ದಯೆಯಿಂದ ಹೊರಟ ಮಾತು. ಆದರೆ ಅಂತಹ ಒಳ್ಳೆಯ ಉದ್ದೇಶದಿಂದಲೇ ನಾನು ಮಾಡಿದ ಒಂದು ಕೆಲಸವು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತಿರುವುದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗ್ರಾಮದಲ್ಲಿ ಮಲೇರಿಯ ಕಾಣಿಸಿಕೊಂಡಿತು. ಊರವರು ಮದಗದ ಸೊಳ್ಳೆಗಳಿಗೆ ಉಪಾಯವನ್ನು ಕೇಳಿದರು. ಗಂಬೂಸಿಯವೆಂಬ ಮೀನು ಸೊಳ್ಳೆಯ ಹುಳುಗಳನ್ನು ತಿನ್ನುವುದೆಂದು ಓದಿದ್ದ ನಾನು ಎರಡು ಕೊಡಪಾನದಷ್ಟು ತಂದು ನನ್ನ ಕೈಯಿಂದಲೇ ಮದಗಕ್ಕೆ ಬಿಟ್ಟೆನು. ಅಲ್ಲಿ ಮೊದಲು ಯಾವ ಮೀನುಗಳಿದ್ದುವೆಂದು ಬಗ್ಗಿ ನೋಡಲಿಲ್ಲ. ಮೂರು ವರ್ಷಗಳ ಬಳಿಕ ಅದೇ ದಾರಿಯಾಗಿ ಹೋದಾಗ ಮದಗದ ಅಂಚಿನಲ್ಲಿ ಕುಳಿತು ನೋಡಿದೆನು. ನೀರಿನ ತುಂಬ ಬೂದುಬಣ್ಣದ ಗಂಬೂಸಿಯಗಳು; ಬೆಳ್ಳಿಯ ಬೊಟ್ಟು ಒಂದೂ ಕಾಣಲಿಲ್ಲ. ದನ ಮೇಯಿಸುತ್ತಿದ್ದ ಅಜ್ಜಿಯೊಬ್ಬರು, "ನೆತ್ತಿಯಲ್ಲಿ ಹೊಳೆಯುವ ಮೀನು ಹಿಂದೆ ಇಲ್ಲಿ ರಾಶಿ ಇತ್ತು ಮಗಾ, ಈಗ ಎಲ್ಲಿಗೆ ಹೋಯಿತೋ" ಎಂದರು. ಹೋದುದು ಎಲ್ಲಿಗೆಂದು ನನಗೆ ಗೊತ್ತಿತ್ತು; ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಸೊಳ್ಳೆಯಾದರೋ ನಮ್ಮ ಮೀನುಗಳಿದ್ದ ಕಾಲಕ್ಕಿಂತ ಕಡಮೆಯಾಯಿತೆಂದು ನಾನು ಪ್ರಮಾಣ ಮಾಡಲಾರೆನು.

ಗಂಬೂಸಿಯವು ಉತ್ತರ ಅಮೆರಿಕದ ಮೀನು; 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತರಲ್ಪಟ್ಟಿತು. ದಕ್ಷಿಣ ಅಮೆರಿಕದ ಗಪ್ಪಿಯು 1910ರ ಸುಮಾರಿಗೆ ಬಂದಿತು. ಇವೆರಡೂ ಮೊಟ್ಟೆಯಿಡದೆ ಜೀವಂತ ಮರಿಗಳನ್ನೇ, ಅದೂ ಒಂದು ಬಾರಿಗೆ ಹತ್ತಾರನ್ನು, ತಿಂಗಳಿಗೊಮ್ಮೆ ಎಂಬಂತೆ ಹಾಕುವುವು. ಒಂದೊಂದೇ ಮೊಟ್ಟೆಯನ್ನು ಎಲೆಗೆ ಅಂಟಿಸಿ ಎರಡು ವಾರ ಕಾಯತಕ್ಕ ನಮ್ಮ ಮೀನು ಇವುಗಳೊಡನೆ ಹೇಗೆ ಸೆಣಸೀತು? ಗಂಬೂಸಿಯವು ಇತರ ಮೀನುಗಳ ಮೊಟ್ಟೆಮರಿಗಳನ್ನೂ ಕಪ್ಪೆಯ ಮರಿಗಳನ್ನೂ ತಿನ್ನುವುದಲ್ಲದೆ, ದೊಡ್ಡ ಮೀನುಗಳ ರೆಕ್ಕೆಗಳನ್ನೂ ಕಡಿಯುವುದು. ಪ್ರಪಂಚದಲ್ಲಿ ಅತ್ಯಂತ ಹಾನಿಕರವಾದ 100 ಪರಕೀಯ ಜೀವಿಗಳೆಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದವರು ಮಾಡಿರುವ ಪಟ್ಟಿಯಲ್ಲಿ ಇದರ ಹೆಸರುಂಟು.

ನಮ್ಮ ಕುಲದ ಮೀನಿನಿಂದ ಈ ಕೆಲಸ ಆಗುವುದೋ ಎಂದು ಕೇಳುವವರಿಗೆ ನೆರೆಯ ಗೋವದ ದೃಷ್ಟಾಂತವನ್ನು ಕೊಡಬಹುದು. ಅಲ್ಲಿ 1990ರ ದಶಕದಲ್ಲಿ ಮಲೇರಿಯ ಸಂಶೋಧಕರು ಬೆಳ್ಳಿಬೊಟ್ಟಿನ ಮೀನಿನ ಚಿಕ್ಕ ಸೋದರಜಾತಿಯಾದ ಅಪ್ಲೊಕೈಲಸ್ ಬ್ಲೊಕಿಯನ್ನು, ಸೊಳ್ಳೆಹುಳುಗಳನ್ನು ಮಾತ್ರ ಕೊಲ್ಲುವ ಒಂದು ಸೂಕ್ಷ್ಮಾಣುವಿನೊಡನೆ, ಬಾವಿ ಮತ್ತು ನೀರಿನ ತೊಟ್ಟಿಗಳಲ್ಲಿ ಉಪಯೋಗಿಸಿ ಒಳ್ಳೆಯ ಫಲವನ್ನು ಕಂಡರು. ಮಲೇರಿಯವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯು ಬಾವಿಗಳಲ್ಲಿಯೂ, ಕಟ್ಟಡ ಕಟ್ಟುವಲ್ಲಿನ ತೊಟ್ಟಿಗಳಲ್ಲಿಯೂ ಮೊಟ್ಟೆಯಿಡುವುದು. ಡೆಂಗ್ಯೂ ಜ್ವರದ ಸೊಳ್ಳೆಯಾದರೋ ತೆಂಗಿನ ಗೆರಟೆ, ಬಿದ್ದ ಅಡಕೆಯ ಹಾಳೆ, ಹಳೆಯ ಟಯರುಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುವುದು. ಅಲ್ಲಿಗೆ ಯಾವ ಮೀನೂ ತಲಪಲಾರದು. ವಾರಕ್ಕೊಮ್ಮೆ ಅವನ್ನು ಬೋರಲು ಹಾಕುವುದೇ ಮದ್ದು.

ಬಾವಿ, ತೋಟ, ಗದ್ದೆಗಳಲ್ಲಿ ಕಾಪಾಡುವ ಬಗೆ

ಮನೆಯ ತೊಟ್ಟಿಯನ್ನು ಬೆಳ್ಳಿಬೊಟ್ಟಿನ ಮೀನಿನ ಸಸಿಮಡಿಯೆಂದು ಭಾವಿಸಬೇಕು. ಅಲ್ಲಿ ಬೆಳೆದ ಮರಿಗಳು ಒಂದು ಅಂಗುಲದಷ್ಟಾದ ಮೇಲೆ, ಅವುಗಳ ತಾಯಿತಂದೆಗಳನ್ನು ತಂದ ಬಾವಿಗೋ ತೋಡಿಗೋ ಮಾತ್ರ ಮರಳಿ ಬಿಡಬೇಕು. ಮೀನು ಬತ್ತಿಹೋಗಿರುವ ಬಾವಿಗಾದರೆ ಅದೇ ಬೈಲಿನ ತೋಡಿನ ತಳಿಯನ್ನು ಹತ್ತು ಹನ್ನೆರಡರಂತೆ ಬಿಟ್ಟರೆ ಸಾಕು. ಒಂದು ನದಿಯ ಮೀನನ್ನು ಇನ್ನೊಂದು ನದಿಯ ಪ್ರದೇಶಕ್ಕೆ ಸಾಗಿಸುವುದು ಬೇಡ. ಸ್ವರ್ಣೆಯದು ಸ್ವರ್ಣೆಯಲ್ಲಿ, ಶಾಂಭವಿಯದು ಶಾಂಭವಿಯಲ್ಲಿ ಇರಲಿ. ಪೇಟೆಯಿಂದ ತಂದ ಪರದೇಶದ ಮೀನನ್ನು ಕಾರ್ಕಳದ ಆನೆಕೆರೆಗಾಗಲಿ, ಮಣಿಪಾಲದ ಮಣ್ಣಪಳ್ಳಕ್ಕಾಗಲಿ, ಊರಿನ ಯಾವ ಮದಗಕ್ಕಾಗಲಿ ಬಿಡಕೂಡದು. ಬಿಡುವುದಕ್ಕೆ ಒಂದು ನಿಮಿಷ ಸಾಕು. ತೆಗೆಯುವುದಕ್ಕೆ ನೂರು ವರ್ಷವೂ ಸಾಲದು.

ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಹಾಕುವ ಮೊದಲು ಮೀನುಗಳನ್ನು ಬಲೆಯಿಂದ ಹಿಡಿದು ಮನೆಯ ತೊಟ್ಟಿಯಲ್ಲಿಟ್ಟು, ವಾಸನೆ ಪೂರ್ತಿಯಾಗಿ ಹೋದ ಮೇಲೆ ಮರಳಿ ಬಿಡತಕ್ಕದ್ದು.

ಕಂಗಿನ ತೋಟದವರು ಮತ್ತೊಂದು ವಿಷಯವನ್ನು ಗಮನಿಸಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಲೇಬೇಕಾಗಿದೆ. ಮೈಸೂರು ಸಂಸ್ಥಾನದಲ್ಲಿ ಕೋಲ್‌ಮನ್ನರು 1910ರ ಸುಮಾರಿಗೆ ಇದರ ಉಪಯೋಗವನ್ನು ಸ್ಥಾಪಿಸಿದಂದಿನಿಂದ ಎಷ್ಟೋ ತೋಟಗಳು ಇದರಿಂದ ಉಳಿದಿರುವುವು. ಆದರೆ ನೂರು ಲೀಟರ್ ನೀರಿಗೆ ಒಂದು ಕಿಲೋಗ್ರಾಮ್ ಮೈಲುತುತ್ತು, ಒಂದು ಕಿಲೋಗ್ರಾಮ್ ಸುಣ್ಣ ಸೇರಿಸಿ ಮಾಡುವ ಈ ದ್ರಾವಣದಲ್ಲಿರುವ ತಾಮ್ರವು ಮೀನಿಗೆ ವಿಷ. ನಮ್ಮದರಂತಹ ಮೃದುವಾದ ನೀರಿನಲ್ಲಿ ಅದರ ವಿಷವು ಮತ್ತಷ್ಟು ತೀವ್ರ. ಆದುದರಿಂದ ದ್ರಾವಣವನ್ನು ತೋಡಿನ ಬದಿಯಲ್ಲಿ ಕದಡಕೂಡದು. ಪಂಪನ್ನೂ ಡ್ರಮ್ಮನ್ನೂ ತೋಡಿನಲ್ಲಿ ತೊಳೆಯಕೂಡದು. ತೋಟದ ಎತ್ತರದ ಮೂಲೆಯಲ್ಲಿ ಒಂದು ಗುಂಡಿ ತೋಡಿ ಅಲ್ಲಿಯೇ ತೊಳೆಯಬೇಕು. ಗದ್ದೆಗೆ ಹೊಡೆಯುವ ಕೀಟನಾಶಕದ ಬಾಟಲಿಗಳಿಗೂ ಇದೇ ನಿಯಮ. ಕಾಸರಗೋಡಿನ ಗೇರುತೋಟಗಳ ಮೇಲೆ 2000ನೆಯ ಇಸವಿಯ ವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಕಥೆಯನ್ನು ನಾವು ಮರೆಯಲಾಗದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸುವ ಹೊತ್ತಿಗೆ ಮನುಷ್ಯರೇ ಬೆಲೆ ತೆತ್ತಿದ್ದರು. ತೋಡಿನ ಮೀನು ಸಾಯುವುದು ಮನೆಗೆ ಬರುವ ಕೇಡಿನ ಮುಂಗಂಟೆಯೆಂದು ತಿಳಿಯಬೇಕು.

ಬೈಲುಗದ್ದೆಗಳಲ್ಲಿ ಸುಗ್ಗಿಯ ಕೊಯ್ಲಿನ ಬಳಿಕ ನೀರು ಬತ್ತುವಾಗ ಮೀನುಗಳಿಗೆ ಆಸರೆಯಿಲ್ಲದಾಗುವುದು. ಗದ್ದೆಯ ತಗ್ಗಿನ ಮೂಲೆಯಲ್ಲಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಒಂದು ಗುಂಡಿಯನ್ನು ಉಳಿಸಿದರೆ, ಮಳೆ ಬಂದಾಗ ಅಲ್ಲಿಂದಲೇ ಇಡೀ ಬೈಲಿಗೆ ಮೀನು ಹಬ್ಬುವುದು. ಹೋಗುವ ಭೂಮಿ ಒಂದು ಹಾಸಿಗೆಯಷ್ಟು ಮಾತ್ರ. ಕುಮಟೆಯ ಕಡೆಯ ಗಜನಿ ಭೂಮಿಗಳಲ್ಲಿ ಕಗ್ಗ ಭತ್ತವೂ ಮೀನು ಸಿಗಡಿಗಳೂ ಒಂದೇ ನೆಲದಲ್ಲಿ ಬಾಳಿದುದನ್ನು ನಮ್ಮ ಹಿರಿಯರು ಬಲ್ಲರು. ಭತ್ತಕ್ಕೂ ಮೀನಿಗೂ ಹಗೆತನವಿಲ್ಲ.

ಜೀವಹಿಂಸೆಯಾಗಬಾರದೆಂದು ಮೀನಿನ ಸಹವಾಸವನ್ನೇ ಬಯಸದ ಮನೆತನಗಳು ನಮ್ಮಲ್ಲಿ ಅನೇಕವಿರುವುವು. ಅವರಿಗೆ ನನ್ನ ವಿನಂತಿಯಿಷ್ಟೇ: ಶೃಂಗೇರಿಯಲ್ಲಿಯೂ ಶಿಶಿಲದಲ್ಲಿಯೂ ದೇವರ ಮೀನುಗಳೆಂದು ಕಾಯ್ದು ಅಕ್ಕಿ ಹಾಕುವವರು ನಾವೇ. ಆ ಭಕ್ತಿಯ ಒಂದು ಪಾಲು ನಮ್ಮ ಬಾವಿಯ ಮೂರಂಗುಲದ ಮೀನಿಗೂ ಸಲ್ಲಲಿ.

ಮಳೆಗಾಲದ ಕೊನೆಯಲ್ಲಿ ನಾನು ಪುನಃ ಆ ಕಾರ್ಕಳದ ಮನೆಗೆ ಹೋಗಿದ್ದೆನು. ಆಫ್ರಿಕದ ಎರಡು ಮೀನುಗಳನ್ನು ಯಜಮಾನರು ಕೆರೆಗೆ ಬಿಟ್ಟಿರಲಿಲ್ಲ. ತೊಟ್ಟಿಯನ್ನು ಒಳಕೋಣೆಯ ತಂಪಿಗೆ ಸಾಗಿಸಿ, ಒದ್ದೆ ಬಟ್ಟೆ ಹೊದೆಸಿ ಕಾಪಾಡಿದ್ದರು, ಒಂದು ಉಳಿದಿತ್ತು. ಅದರ ಬಳಿಯಲ್ಲಿಯೇ ಎರಡನೆಯ ತೊಟ್ಟಿಯಲ್ಲಿ ತೋಟದ ಬಾವಿಯ ಮೂರು ಮೀನುಗಳಿದ್ದುವು. ಅಂಗಳದ ಕಲ್ಲುಮರಿಗೆಯಲ್ಲಿ ಮೊಮ್ಮಗನು ಎಣಿಸಿಟ್ಟ 17 ಮರಿಗಳು ಈಜುತ್ತಿದ್ದುವು. "ನಾಡಿದ್ದು ಭಾನುವಾರ ಇವನ್ನು ಬಾವಿಗೆ ಬಿಡುವವನಿದ್ದೇನೆ ಅಜ್ಜ" ಎಂದು ಹುಡುಗನು ಹೇಳಿದನು. ಯಜಮಾನರು ನನ್ನನ್ನು ನೋಡಿ, "ನೆರೆಕರೆಯ ಮೂರು ಬಾವಿಯವರೂ ಕೇಳಿದ್ದಾರೆ, ಇನ್ಸ್‌ಪೆಕ್ಟರೇ. ಬೈಲು ಒಂದೇ ಅಲ್ಲವೇ, ಕೊಡಬಹುದಲ್ಲ?" ಎಂದು ವಿಚಾರಿಸಿದರು.

ಕೊಡಬಹುದೆಂದು ಹೇಳಿದೆನು. ನಾನು ಕೆಡಿಸಿದ ಆ ಮದಗಕ್ಕೆ ಗಂಬೂಸಿಯವಿರುವಷ್ಟು ಕಾಲ ಬೆಳ್ಳಿಬೊಟ್ಟಿನ ಮೀನನ್ನು ಮರಳಿ ತರುವ ದಾರಿಯಿಲ್ಲ. ವಾಚಕರ ಊರುಗಳ ಬಾವಿ, ಕೆರೆ, ತೋಡುಗಳಲ್ಲಿ ಅದು ಇನ್ನೂ ಉಳಿದಿರಬಹುದು. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ, ದಯವಿಟ್ಟು ತಮ್ಮ ಬಾವಿಕಟ್ಟೆಯ ಬಳಿಗೆ ಹೋಗಿ ಒಂದು ಬಾರಿ ಬಗ್ಗಿ ನೋಡಬೇಕೆಂದು ಪ್ರಾರ್ಥಿಸುವೆನು.